ಸೀರೆ ಡಬ್ಬದ ರಟ್ಟಿನ ಮೇಲಿನ ವಾಕ್ಯ

ಅಪ್ಪಾ,

ಇವತ್ತು ದೇವನಹಳ್ಳಿಯಲ್ಲಿ ನನ್ನ ಇಂಟರ್‌ವ್ಯೂ ಆಯಿತು. ಸೋಮವಾರ ತಿಳಿಸುತ್ತಾರಂತೆ.

ಮಗ್ಗ ನಿಲ್ಲಿಸಿದಾಗಲೆಲ್ಲ ನೀನು ಸೀರೆ ಡಬ್ಬದ ರಟ್ಟಿನ ಮೇಲೆ ಒಂದು ಇಂಗ್ಲಿಷ್ ನುಡಿಗಟ್ಟು, ಅದರ ಅರ್ಥ, ನಿನ್ನದೇ ಒಂದು ವಾಕ್ಯ ಬರೆದಿಡುತ್ತಿದ್ದೆ. ನಾನು ಊರಿಗೆ ಬಂದಾಗ “ಬೇಕಾಗ್ತದೆ ಕಣವ್ವ, ಇಟ್ಕೋ” ಅಂತ ಕೊಡುತ್ತಿದ್ದೆ. ನೀನು ತೀರಿಹೋದ ಮೇಲೆ, ಇವತ್ತು ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವನ್ನು ಮೊದಲ ಸಲ ಓದಿದೆ.

ಇಂಟರ್‌ವ್ಯೂ ಮಾಡಿದ ಮೇಡಂ ಅರ್ಥ ಕೇಳಿದ್ದು ‘ಒನ್ಸ್ ಇನ್ ಎ ಬ್ಲೂ ಮೂನ್’. ಅಪರೂಪಕ್ಕೊಮ್ಮೆ ಎಂದೆ. ವಾಕ್ಯದಲ್ಲಿ ಬಳಸಿ ಎಂದರು. ಬೇರೇನೂ ಹೊಳೆಯದೆ ನೀನು ಬರೆದದ್ದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟೆ: ನನ್ನ ಮಗಳು ಅಪರೂಪಕ್ಕೊಮ್ಮೆ ನನಗೆ ಫೋನ್ ಮಾಡುತ್ತಾಳೆ.

ಮೇಡಂ ನಕ್ಕರು. “ಅಷ್ಟು ಬಿಜಿನಾ? ಮಗಳು ಎಲ್ಲಿರೋದು?”

“ಇಲ್ಲೇ ಇದ್ದಾಳೆ ಮೇಡಂ” ಎಂದೆ.