ಆಳು ಸಿಗಲಿಲ್ಲ

ಎಫೋಗಿ, ಕೊಕೊಡಾ ದಾರಿ
ಜೂನ್ ೩

ಡೆಸ್ಮಂಡ್ ಅವರೇ,

ನಮ್ಮ ಬೆಟ್ಟದ ನಡಿಗೆಗೆ ಮತ್ತೆ ಬರುತ್ತೀರೆಂದು ತಿಳಿಯಿತು. ಚೀಲಕ್ಕೆ ಏನೇನು ತುಂಬಬೇಕೆಂದು ಕೇಳಿದ್ದೀರಿ. ಹೋದ ವರ್ಷವೂ ಕೇಳಿದ್ದಿರಿ. ಹದಿನೆಂಟು ಕಿಲೋ ಮೀರಬಾರದೆಂದು ನಾನು ಬರೆದಿದ್ದೆ. ನೀವು ಮಡಚುವ ಕುರ್ಚಿ, ಕಾಫಿ ಯಂತ್ರ, ಮೂರು ಬಾಟಲಿ ವೈನ್ ತುಂಬಿಕೊಂಡು ಬಂದಿರಿ.

ಆ ಚೀಲ ಹೊತ್ತವನು ನನ್ನ ತಮ್ಮ ಲೋವಾಯ್. ಮೂರನೆಯ ದಿನ ಇಳಿಜಾರಿನ ಕೆಸರಿನಲ್ಲಿ ಜಾರಿ ಮೊಣಕಾಲು ಮುರಿದುಕೊಂಡ. ನೀವು ಓಡಿ ಬಂದು ಕೇಳಿದ ಮೊದಲ ಮಾತು, "ಬಾಟಲಿ ಒಡೀಲಿಲ್ಲ ತಾನೆ?"

"ಇಲ್ಲ ಬಾಸ್, ಬಾಟಲಿ ಗಟ್ಟಿ ಇದೆ. ಮುರಿದಿದ್ದು ನನ್ನ ಕಾಲಷ್ಟೇ," ಎಂದ ಅವನು. ನೀವು ಜೋರಾಗಿ ನಕ್ಕಿರಿ. ನಾವು ಅವನನ್ನು ಎರಡು ದಿನ ಹೊತ್ತು ಊರಿಗೆ ತಂದೆವು.

ಈಗ "ಆ ಗಟ್ಟಿಮುಟ್ಟಾದ ಆಳನ್ನೇ ಕೊಡಿ" ಎಂದು ಬರೆದಿದ್ದೀರಿ. ಪಾಪ, ಹೆಸರು ನೆನಪಿಗೆ ಬಂದಿರಲಿಕ್ಕಿಲ್ಲ. ಅವನೀಗ ಕೋಲಿಲ್ಲದೆ ಗೆಣಸಿನ ತೋಟಕ್ಕೂ ಹೋಗಲಾರ.

ಊರಲ್ಲಿ ಬೇರೆಯವರನ್ನು ಕೇಳಿ ನೋಡಿದೆ. ಒಬ್ಬರೂ ಒಪ್ಪಲಿಲ್ಲ. ನನ್ನ ಹೆಂಡತಿಯಂತೂ, "ಆಯಪ್ಪನಿಗೆ ಕುರ್ಚಿ ಬೇಕಿದ್ರೆ ತಲೆ ಮೇಲಿಟ್ಕೊಂಡು ನಡೀಲಿ" ಎಂದಳು. ಆದ್ದರಿಂದ ನಿಮ್ಮ ಚೀಲ ನೀವೇ ಹೊರಬೇಕು. ಎರಡು ಜೊತೆ ಕಾಲುಚೀಲ, ಮಳೆಯಂಗಿ, ಮಲೇರಿಯಾ ಮಾತ್ರೆ, ಕಾಲಿಗೆ ಪಳಗಿದ ಹಳೆಯ ಬೂಟು ಸಾಕು.

ದಾರಿ ತೋರಿಸುವುದು ನನ್ನ ಕೆಲಸ, ನಾನು ಬರುತ್ತೇನೆ. ನೀವು ಬಿದ್ದರೆ ಹೆದರಬೇಡಿ, ಬಿದ್ದವರನ್ನು ಕಾಡಿನಲ್ಲಿ ಬಿಟ್ಟು ಬರುವ ರೂಢಿ ನಮ್ಮಲ್ಲಿಲ್ಲ. ನಿಮ್ಮನ್ನು ಹೊರಲು ಎಷ್ಟು ಜನ ಬೇಕಾಗಬಹುದೆಂದು ಈಗಲೇ ಗೊತ್ತಿದ್ದರೆ ಒಳ್ಳೆಯದು. ನಿಮ್ಮ ತೂಕ ಬರೆದು ಕಳಿಸಿ.

ಇಂತಿ,
ಗೆವಿನಾ ಸಿರೇಯ್
ಮಾರ್ಗದರ್ಶಿ