ನಿಮ್ಮ ಕೈಯ ತಪ್ಪಲ್ಲ, ಅತ್ತಿ

ಮೇಡ್ಲೇರಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ನನ್ನ ಅತ್ತಿ ಗದಿಗೆವ್ವನವರಿಗೆ, ಬ್ಯಾಡಗಿಯಿಂದ ಸಣ್ಣ ಸೊಸೆ ಶ್ವೇತಾ ತಲೆತಗ್ಗಿಸಿ ಬರೆಯುವುದು.

ಇದನ್ನು ಬಾಣಂತನಕ್ಕೆ ಅಲ್ಲಿಗೆ ಬಂದಿರುವ ನಿಮ್ಮ ಮಗಳು ಮಧು ನಿಮ್ಮ ಮುಂದೆ ಕೂತು ಗಟ್ಟಿಯಾಗಿ ಓದಲಿ, ಮನೆಮಂದಿಯೆಲ್ಲ ಕೇಳಲಿ. ನಾನು ನಿಮ್ಮನ್ನು ಬೈದದ್ದು ಇಡೀ ಓಣಿಗೆ ಕೇಳಿಸಿತ್ತು, ತಪ್ಪೊಪ್ಪಿಗೆಯನ್ನು ಫೋನಿನಲ್ಲಿ ಪಿಸುಗುಟ್ಟಿದರೆ ಹೇಗೆ? ಅಲ್ಲದೆ ನೀವು ನನ್ನ ಫೋನಿಗೆ ಬರುವುದೂ ಇಲ್ಲ.

ನಿನ್ನೆ ಮಧು ಫೋನಿನಲ್ಲಿ ಅತ್ತಳು. ಅವಳು ಹಡೆದು ಹದಿನೈದು ದಿನವಾದರೂ ನೀವು ಕೂಸಿಗೆ ಎಣ್ಣೆ ಹಚ್ಚಿಲ್ಲವಂತೆ, ಎರೆದಿಲ್ಲವಂತೆ, ಎತ್ತಿಕೊಂಡೂ ಇಲ್ಲವಂತೆ. “ನನ್ನ ಕೈ ಬ್ಯಾಡವ್ವಾ, ಶ್ವೇತಾನ ಕೂಸಿನ ಎಲುಬು ಮುರದ ಕೈ ಇದು” ಅಂದಿರಂತೆ. ಅಯ್ಯೋ ಅತ್ತಿ! ಮನೆಯ ಅಷ್ಟೂ ಮಕ್ಕಳನ್ನು ಎರೆದು ಬೆಳೆಸಿದ ಕೈ ಅದು.

ಶಿವರಾತ್ರಿಯ ಮರುದಿನ ನೀವು ನನ್ನ ಒಂದೂವರೆ ವರ್ಷದ ಮಗಳಿಗೆ ಎಣ್ಣೆ ಹಚ್ಚಿ, ಕೈಕಾಲು ನೀವಿ ಎರೆದಿರಿ. ಸಂಜೆಗೆ ಅವಳ ತೋಳು ಬಾತಿತು. ಎಕ್ಸ್‌ರೇಯಲ್ಲಿ ಎಲುಬು ಮುರಿದದ್ದು ಕಂಡಿತು. ನಾನು ಅಂಗಳದಲ್ಲಿ ನಿಂತು, “ನಿಮ್ಮ ಕೈ ಏನ್ ಕಬ್ಬಿಣದ್ದೇನ್ರಿ? ಕೂಸಿನ ತೋಳು ತಿರುವಿ ಮುರದ ಇಟ್ರಿ!” ಎಂದು ಕೂಗಾಡಿದೆ. ನೀವು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿದಿರಿ. ಮರುದಿನ ಬೆಳಿಗ್ಗೆ ಮೇಡ್ಲೇರಿಗೆ ಹೊರಟಾಗ ನಾನಾಗಲಿ, ನಿಮ್ಮ ಮಗನಾಗಲಿ ಬ್ಯಾಡ ಅನ್ನಲಿಲ್ಲ.

ಕಳೆದ ವಾರ ಮಗಳು ಕೌದಿಯ ಮೇಲೆ ಆಡುತ್ತಿದ್ದಳು. ಎದ್ದು ನಿಲ್ಲಲು ಹೋಗಿ, ಅದೇ ಕೌದಿಯ ಮೇಲೆ ಕುಸಿದಳು. ತೊಡೆಯ ಎಲುಬು ಮುರಿಯಿತು. ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ, ಅತ್ತಿ. ಬೈಯಲು ಯಾರೂ ಸಿಗಲಿಲ್ಲ.

ಈ ಸಲ ರಾಣೆಬೆನ್ನೂರಿನ ಮಕ್ಕಳ ಡಾಕ್ಟರ ಬಳಿ ಹೋದೆವು. ಅವರು ಅವಳ ಮಣಿಕಟ್ಟು ಮುಟ್ಟಿ ನೋಡಿ, “ಕೂಸಿನ್ನ ಬಿಸಲಾಗ ಬಿಡ್ತೀರೇನವ್ವಾ?” ಎಂದರು. ನಾನು ದೊಡ್ಡ ಜಾಣೆಯಂತೆ, “ಒಂದ ದಿನಾನೂ ಬಿಟ್ಟಿಲ್ರಿ ಸರ. ಮೆಣಸಿನಕಾಯಿ ಘಾಟಿಗೆ ಕಿಟಕಿ ಸೈತ ತಗಿಯೂದಿಲ್ರಿ” ಎಂದೆ. ರಕ್ತ ಪರೀಕ್ಷೆಯಲ್ಲಿ ಅವಳಿಗೆ ವಿಟಮಿನ್ ಡಿ ಇಲ್ಲವೆನ್ನುವಷ್ಟು ಕಡಿಮೆ, ನನಗೂ ಕಡಿಮೆ. ಬಸುರಿನಿಂದಲೇ ಶುರುವಾದ ಕೊರತೆ ಇರಬಹುದಂತೆ. “ಎಲುಬು ಮೆತ್ತಗ ಆಗ್ಯಾವ್ರಿ. ಯಾರ ಮುಟ್ಟಿದ್ರೂ ಮುರೀತಿದ್ವು. ಯಾರದೂ ತಪ್ಪಲ್ಲ” ಎಂದರು.

ಪುಣ್ಯಾತ್ಮರು ಹಾಗಂದರು. ನನ್ನ ತಪ್ಪು ನನಗೆ ಗೊತ್ತಿಲ್ಲವೇ? ಎರೆಯುವ ಮೊದಲು ನೀವು ಅವಳನ್ನು ಕಟ್ಟೆಯ ಮೇಲೆ ಎಳೆಬಿಸಿಲಿಗೆ ಒಯ್ಯುತ್ತಿದ್ದಿರಿ. “ಕೂಸು ಕರ್ರಗ ಆಗ್ತೈತ್ರಿ, ಕೆಮ್ಮು ಹತ್ತತೈತ್ರಿ” ಎಂದು ಕಸಿದುಕೊಂಡು ಬರುತ್ತಿದ್ದವಳು ನಾನು. ತಾರಸಿಯ ಮೇಲೆ ಹರವಿದ ಮೆಣಸಿನಕಾಯಿಗೆ ಎಲ್ಲ ಬದಿಗೂ ಬಿಸಿಲು ಬೀಳಲೆಂದು ದಿನಕ್ಕೆ ಎರಡು ಸಲ ತಿರುವಿ ಹಾಕುತ್ತಿದ್ದೆ. ಹೆತ್ತ ಮಗಳನ್ನು ಮಾತ್ರ ಒಳಗಿಟ್ಟು ಬಾಗಿಲು ಹಾಕಿದೆ.

ಔಷಧಿ ಶುರುವಾಗಿದೆ. ಎಲುಬು ಕೂಡುತ್ತದೆ, ನಡೆಯುತ್ತಾಳೆ ಎಂದಿದ್ದಾರೆ. ಬಿಸಿಲೊಂದೇ ಸಾಲದು, ಮಧುವಿನ ಕೂಸಿಗೂ ಡಾಕ್ಟರನ್ನು ಕೇಳಿ ವಿಟಮಿನ್ ಡಿ ಹನಿ ಹಾಕಿಸಿ. ಎಣ್ಣೆ ಹಚ್ಚುವಾಗ ಕೈಕಾಲು ಜಗ್ಗುವುದು ಬೇಡವಂತೆ, ಮೆತ್ತಗೆ ನೀವಿದರೆ ಸಾಕಂತೆ. ಇದು ಡಾಕ್ಟರು ಹೇಳಿದ್ದು, ಮತ್ತೆ ಸೊಸೆಯ ಮೇಲೆ ಸಿಟ್ಟಾಗಬೇಡಿ.

ಖರೇ ಹೇಳಲೇ? ಈಗ ನನಗೇ ಅವಳನ್ನು ಎತ್ತಲು ಭಯ. ಎಲ್ಲಿ ಹಿಡಿದರೆ ಏನಾದೀತೋ ಎಂದು ಚಾಚಿದ ಕೈ ಹಿಂದೆ ತೆಗೆಯುತ್ತೇನೆ. ಈ ಭಯವನ್ನು ನಾನು ನಿಮ್ಮ ತಲೆಗೆ ಕಟ್ಟಿ ಕಳಿಸಿದ್ದೆ, ಇಷ್ಟು ದಿನ ಒಬ್ಬರೇ ಹೊತ್ತಿರಿ. ನನ್ನ ಮಾತು ಸುಳ್ಳು, ಅತ್ತಿ. ನಿಮ್ಮ ಕೈ ಯಾವ ಕೂಸನ್ನೂ ಮುರಿದಿಲ್ಲ.

ಮಧು, ಓದುವುದು ಸಾಕು. ಏಳು, ಕೂಸನ್ನು ತಂದು ಅವ್ವನ ತೊಡೆಯ ಮೇಲೆ ಹಾಕು.

ಹಿಡಿದುಕೊಳ್ಳಿ, ಅತ್ತಿ. ಅದು ನಿಮ್ಮ ಕೈಯಲ್ಲಿ ನೂರು ವರ್ಷಕ್ಕಾಗುವಷ್ಟು ಗಟ್ಟಿಯಾಗಲಿ.

ನಿಮ್ಮ ಬಾಯಿಬಡಕಿ ಸೊಸೆ,
ಶ್ವೇತಾ