ಕಿರುಗುಟ್ಟಿದ ಜೀಪು

ಹಾನಗಲ್
೯-೧-೧೯೮೧

ಮಾವನವರಾದ ಫಕ್ಕೀರಪ್ಪನವರಿಗೆ,

ನಮಸ್ಕಾರ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹೆರಿಗೆ ನೋವು ಶುರುವಾದ ಶಂಕ್ರವ್ವನನ್ನು ದವಾಖಾನೆಗೆಂದು ಚಿಕ್ಕೇರೂರಿನಿಂದ ಕರೆದುಕೊಂಡು ಹೊರಟೆನಲ್ಲ, ಅರ್ಧ ದಾರಿಯ ಏರಿನಲ್ಲಿ ಜೀಪು ನಿಂತುಬಿಟ್ಟಿತು. ಎಂಜಿನ್ ಅರಚುತ್ತಿತ್ತು, ಗಾಲಿ ಮಾತ್ರ ತಿರುಗಲಿಲ್ಲ. ಫೋರ್ ವೀಲ್ ಗೇರ್ ಹಾಕಿದರೂ ಅಷ್ಟೇ. ನಿಮ್ಮ ಮಗಳು ಹಿಂದೆ ಅತ್ತೆಯವರ ತೊಡೆಯ ಮೇಲೆ ಹಲ್ಲು ಕಚ್ಚಿ ಮಲಗಿದ್ದಳು. ನಾನು ಜೀಪಿನ ಕೆಳಗೆ ತೂರಿ, ಕ್ಲಚ್ಚಿನ ಪಕ್ಕದ ಕಿಂಡಿಗೆ ಬೆರಳು ಹಾಕಿದೆ. ಬೆರಳು ಜಿಗುಟಾಯಿತು. ಮೂಸಿ ನೋಡಿದರೆ ಔಡಲೆಣ್ಣೆ.

ಹಿಂದಿನ ದಿನ ನಾನು ಪೆಡಲ್ ತುಳಿದಾಗ ನೀವು, "ಕಿರುಗುಟ್ಟಾಕತ್ತೈತಲ್ರಿ ಅಳಿಯಂದ್ರ" ಎಂದಿದ್ದಿರಿ. ಚಕ್ಕಡಿ ಊರು ಬಿಡುವ ಮುನ್ನ ಅಚ್ಚಿಗೆ ಎಣ್ಣೆ ಬಿಡುವವರು ನೀವು, ಜೀಪಿಗೂ ಬಿಟ್ಟಿರಿ. ಕ್ಲಚ್ ಪ್ಲೇಟು ಒಣಗಿದ್ದರೆ ಮಾತ್ರ ಹಿಡಿಯುತ್ತದೆ, ಎಣ್ಣೆ ತಾಗಿದರೆ ಜಾರುತ್ತದೆ ಮಾವ. ನನ್ನನ್ನು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿಮ್ಮ ಮೊಮ್ಮಗಳು ಹುಟ್ಟಿದ್ದು ಆ ಏರಿನಲ್ಲೇ, ಹತ್ತಿ ಹೇರಿಕೊಂಡು ಬಂದ ಯಾರದೋ ಚಕ್ಕಡಿಯ ಮೇಲೆ, ಅತ್ತೆಯವರ ಕೈಯಲ್ಲಿ. ಅದೇ ಚಕ್ಕಡಿಯಲ್ಲಿ ಇಲ್ಲಿಗೆ ಬಂದೆವು. ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ.

ನೋಡಲು ಬಸ್ಸಿಗೆ ಬನ್ನಿ. ದಾರಿಯಲ್ಲಿ ಜೀಪು ಕಂಡರೆ ಇಳಿಯಬೇಡಿ, ಮುಟ್ಟಬೇಡಿ. ಆದರೆ ಆ ಎಣ್ಣೆಯ ಬಾಟ್ಲಿಯನ್ನು ಮರೆಯದೆ ತನ್ನಿ. ಕೂಸಿನ ನೆತ್ತಿಗೆ ಹಚ್ಚಲು ನಾನು ಅಂಗಡಿಯಿಂದ ತಂದದ್ದನ್ನು ನಿಮ್ಮ ಮಗಳು ಅತ್ತ ಸರಿಸಿದ್ದಾಳೆ. "ಅಪ್ಪನ ಎಣ್ಣೀನ ಬೇಕು" ಅನ್ನುತ್ತಾಳೆ.

ನಿಮ್ಮ ಅಳಿಯ,
ಮೈಲಾರಪ್ಪ